ಕೆಳಗಿನ ಕೊಂಡಿ

"ಗುರುಗಳೇ, ಒಳ್ಳೆಯದರ ಕಡೆಗೆ ಎಷ್ಟು ಎಳೆದರೂ ಮನುಷ್ಯ ಏಕೆ ಬರುವುದಿಲ್ಲ?" ಎಂದು ಶಿಷ್ಯ ಕೇಳಿದ.

ಶಿಷ್ಯನ ತಮ್ಮ ಕುಡಿತಕ್ಕೆ ಬಿದ್ದಿದ್ದ. ಹಿಂದಿನ ದಿನ ಶಿಷ್ಯ ಊರಿಗೆ ಹೋಗಿ, ಅರಳಿಕಟ್ಟೆಯ ಮೇಲೆ ನಿಂತು, ಜನರೆದುರಿಗೆ ತಮ್ಮನಿಗೆ ಬುದ್ಧಿ ಹೇಳಿದ್ದ. ತಮ್ಮ ಜಗ್ಗಲಿಲ್ಲ. ಸಿಟ್ಟು ನೆತ್ತಿಗೇರಿ ಶಿಷ್ಯ ಕೈ ಎತ್ತಿದ. ಅಲ್ಲಿಂದ ಹೋದ ತಮ್ಮ ಮನೆಗೆ ಮರಳಲಿಲ್ಲ. ಇದನ್ನು ಹೇಳುವಾಗ ಶಿಷ್ಯನಿಗೆ ಅಳು ಬಂತು.

ಗುರುಗಳು ಅವನನ್ನು ಕೂರಿಸಿ ಹೇಳಿದರು:

ಒಬ್ಬ ರೈತನಿಗೆ ಸೀಬೆ ತೋಟವಿತ್ತು. ಸಾಲುಗಳ ನಡುವೆ ಓಡಾಡಲೆಂದು ಪುಟ್ಟ ಟ್ರ್ಯಾಕ್ಟರ್ ತಂದಿದ್ದ. ಅದರ ಹಿಂದೆ ಕೆಲವು ದಿನ ನೇಗಿಲು ಕಟ್ಟುತ್ತಿದ್ದ, ಕೆಲವು ದಿನ ಗೊಬ್ಬರದ ಟ್ರೇಲರ್. ಎಲ್ಲವೂ ಸರಿಯಾಗಿ ಬರುತ್ತಿದ್ದವು. ಅದರಿಂದ ಅವನಿಗೆ ಸ್ವಲ್ಪ ಜಂಬವೂ ಬಂದಿತ್ತೆನ್ನು.

ತೋಟದಲ್ಲಿ ಒಂದು ಮರ ಒಣಗಿತು. ಕಡಿದ ಮೇಲೆ ಬುಡ ಉಳಿಯಿತು. ಮೂಲಂಗಿಯನ್ನು ಮೇಲಕ್ಕೆ ತಾನೇ ಕೀಳುವುದು, ಇದನ್ನೂ ಹಾಗೇ ಕೀಳೋಣ ಎಂದುಕೊಂಡು, ಅವನು ಬುಡಕ್ಕೆ ಸರಪಳಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿನ ಹಿಂದೆ, ತನ್ನ ಸೀಟಿನ ಎತ್ತರಕ್ಕೆ ಕಟ್ಟಿದ. ಗಾಡಿ ಬಿಟ್ಟ. ಬುಡ ಅಲುಗಲಿಲ್ಲ. ಇನ್ನಷ್ಟು ಆಕ್ಸಿಲರೇಟರ್ ಕೊಟ್ಟ. ಮುಂದಿನ ಚಕ್ರಗಳು ನೆಲ ಬಿಟ್ಟವು. ಸಾಲದೆಂದು ಮತ್ತೂ ಕೊಟ್ಟ. ಟ್ರ್ಯಾಕ್ಟರ್ ಎದ್ದು ನಿಂತಿತು. ಇನ್ನೊಂದು ಗೇಣು ಎದ್ದಿದ್ದರೆ ಹಿಂದಕ್ಕೆ ಮಗುಚಿ, ಅವನು ಅದರಡಿ ಸೇರುತ್ತಿದ್ದ. ಹೇಗೋ ಕ್ಲಚ್ ತುಳಿದ. ಚಕ್ರಗಳು ಧೊಪ್ಪೆಂದು ನೆಲಕ್ಕೆ ಬಿದ್ದವು.

ಪಕ್ಕದ ತೋಟದವನು ಓಡಿಬಂದ. "ಏನಣ್ಣ, ಸೀದಾ ಸ್ವರ್ಗಕ್ಕೇ ಹೊರಟಿದ್ದಾ?"

"ಬುಡ ಬಿಡ್ತಿಲ್ಲ ಕಣಯ್ಯ. ಈ ಗಾಡಿಗೆ ತಾಕತ್ತೇ ಇಲ್ಲ."

"ತಾಕತ್ತಿಲ್ದೇನೇ ನಿನ್ನ ಹಿಂಗೆ ಎತ್ತಿತಾ? ಟ್ರೇಲರ್ ಎಲ್ಲಿಗೆ ಕಟ್ತೀಯ? ಆ ಕೆಳಗಿನ ಕೊಂಡಿಗೆ ಕಟ್ಟು. ಎತ್ತರಕ್ಕೆ ಕಟ್ಟಿದ್ರೆ ಗಾಡಿನೇ ಹಿಂದಕ್ಕೆ ಏಳುತ್ತೆ."

ರೈತನಿಗೆ ನಾಚಿಕೆಯಾಯಿತು. ಆದರೂ ಇಳಿದು, ಮಣ್ಣಿನಲ್ಲಿ ಮೊಣಕಾಲೂರಿ, ಸರಪಳಿ ಬಿಚ್ಚಿ ಕೆಳಗಿನ ಕೊಂಡಿಗೆ ಕಟ್ಟಿದ. ಬುಡದ ಸುತ್ತ ಮಣ್ಣು ಬಿಡಿಸಿದ. ಆಮೇಲೆ ನಿಧಾನವಾಗಿ ಗಾಡಿ ಬಿಟ್ಟ. ಈಗ ಮುಂದಿನ ಚಕ್ರಗಳು ನೆಲ ಬಿಡಲಿಲ್ಲ. ಗಾಡಿ ಅದೇ, ಬುಡವೂ ಅದೇ. ಸ್ವಲ್ಪ ಹೊತ್ತು ಮುನಿದು ಕೂತಿದ್ದ ಬುಡ ಬೇರುಸಮೇತ ಬಂತು.

ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ. "ಹಾಗಾದರೆ ನಾನು ತಮ್ಮನನ್ನು ಹುಡುಕಿ, ಇನ್ನೊಮ್ಮೆ ಹೇಳಿ ನೋಡಲೇ?"

"ಹೋಗಪ್ಪ, ಕಟ್ಟೆ ಮಾತ್ರ ಹತ್ತಬೇಡ."