ತವರುಗದ್ದೆಗೆ ಆ ಹೆಸರು ಬಂದದ್ದು

ಕಡಲಿನಿಂದ ಮೂರು ಹರದಾರಿ ಒಳಗೆ, ಕೆಳಮಕ್ಕಿ ಎಂಬ ಊರಿನ ಹೊಳೆಬದಿಯಲ್ಲಿ, ಉಪ್ಪುನೀರು ಗದ್ದೆಗಳಿಗೆ ಏರದಂತೆ ಕಟ್ಟಿದ ಉದ್ದನೆಯ ಕಲ್ಲಿನ ದಂಡೆಯೊಂದಿದೆ. ನೂಲು ಹಿಡಿದು ಕಟ್ಟಿದಷ್ಟು ನೇರ. ಒಂದೇ ಒಂದು ಕಡೆ ಮಾತ್ರ ಊರೊಳಕ್ಕೆ ಬಾಗಿ, ಒಂದು ಗದ್ದೆಯನ್ನು ಹೊಳೆಗೆ ಬಿಟ್ಟುಕೊಟ್ಟು, ಮತ್ತೆ ನೇರವಾಗುತ್ತದೆ. ಆ ಗದ್ದೆಯಲ್ಲಿ ಒಂದು ಕಾಳೂ ಬೆಳೆಯದು. ದಿನಕ್ಕೆರಡು ಸಲ ಉಬ್ಬರದ ನೀರು ಬಂದು ತುಂಬುತ್ತದೆ, ಹೋಗುತ್ತದೆ. ಕಟ್ಟಿದವರಿಗೆ ಕಣ್ಣಿರಲಿಲ್ಲವೇ ಎಂದು ಹೊಸಬರು ನಗುವುದುಂಟು. ನಗಲಿ ಪಾಪ, ಅದರ ಹೆಸರು ತವರುಗದ್ದೆಯೆಂದು ಅವರಿಗೇನು ಗೊತ್ತು!

ಹಿಂದೆ, ಈ ದಂಡೆ ಇನ್ನೂ ಇಲ್ಲದ ಕಾಲದಲ್ಲಿ, ಹೆರಿಯನೆಂಬ ಮೊಗವೀರ ಹೆಂಡತಿ ಅಕ್ಕಣಿಯೊಡನೆ ಕಡಲತಡಿ ಬಿಟ್ಟು ಇಲ್ಲಿಗೆ ಬಂದನಂತೆ. ಒಂದೇ ದಿನ ಇಬ್ಬರು ತಮ್ಮಂದಿರನ್ನು ಕಡಲು ನುಂಗಿದ ಮೇಲೆ ಅವನು ದೋಣಿಯ ಹುಟ್ಟು ಮುಟ್ಟಲಿಲ್ಲ. ಕಡಲಿಗೆ ಮುಖಮಾಡಿ ಕುಳಿತು ಉಣ್ಣಲೂ ಇಲ್ಲ. ಅಕ್ಕಣಿಗೋ, ಅಲೆಯ ಸದ್ದಿಲ್ಲದ ಬದುಕೆಂದರೆ ಉಪ್ಪಿಲ್ಲದ ಗಂಜಿ. "ಮೂರು ವರ್ಷ ಕಾಂಬ. ಮನಸ್ಸ್ ನಿಲ್ದಿದ್ರೆ ನಾ ತಡಿಗೆ ವಾಪಾಸ್ ಹೋತೆ, ನೀವ್ ತಡೂಕಾಗ" ಎಂದು ಗಂಡನಿಂದ ಮಾತು ತೆಗೆದುಕೊಂಡೇ ಹೊರಟಳು. ಹೆರಿಯ ಹೊಳೆಬದಿಯಲ್ಲಿ ಒಂದು ಗದ್ದೆ ಮಾಡಿಕೊಂಡ. ಬಲೆ ಬೀಸಿದ ಕೈ ನೇಗಿಲು ಹಿಡಿದರೆ ಕೇಳಬೇಕೇ? ಸಾಲು ಹಾವು ಹರಿದ ಹಾಗಾಯಿತೆಂದು ಊರು ಬಿದ್ದು ಬಿದ್ದು ನಕ್ಕಿತು. ಆದರೂ ಬಿಡಲಿಲ್ಲ, ಕಲಿತ. ಅಕ್ಕಣಿಯೂ ನೆಟ್ಟಳು, ಕೊಯ್ದಳು, ಯಾವ ಕೆಲಸಕ್ಕೂ ಹಿಂದೆ ಬೀಳಲಿಲ್ಲ. ಆದರೆ ಉಬ್ಬರ ಏರಿ ಉಪ್ಪುನೀರು ಬದುವಿನ ತನಕ ಬಂತೆಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಏಳುವಳು. "ತವರಿನೋರು ಬಂದಿರ್, ಕಂಡ್ಕಂಡ್ ಬತ್ತೆ" ಎನ್ನುವಳು. ಕಾಲು ಇಳಿಬಿಟ್ಟು ಕುಳಿತು, ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ನೀರು ಇಳಿಯುವ ತನಕ ಪಡುವಣಕ್ಕೆ ನೋಡುತ್ತಿದ್ದಳು. ಹೆರಿಯ ಆ ಕಡೆ ತಿರುಗುತ್ತಿರಲಿಲ್ಲ.

ಮೂರನೆಯ ವರ್ಷ ಹೊಳೆ ಬೇಗ ಬತ್ತಿ, ಉಪ್ಪುನೀರು ನುಗ್ಗಿ, ಊರಿನ ಎಷ್ಟೋ ಗದ್ದೆಗಳ ಪೈರು ಕರಟಿಹೋಯಿತು. ಊರಿನ ಹಿರಿಯ ಮಂಜಯ್ಯ ಹೆಗ್ಡೆಯವರು ದಂಡೆ ಕಟ್ಟಿಸಲು ಮುಂದಾದರು. ದಂಡೆ ಎದ್ದರೆ ಅಕ್ಕಣಿಯ ಬದುವಿಗೆ ಉಬ್ಬರ ಬಾರದು. ಆದರೂ ಅವಳು ಬೇಡವೆನ್ನಲಿಲ್ಲ. ಊರಿನ ಅನ್ನಕ್ಕೆ ಕಲ್ಲು ಹಾಕುವ ಹೆಂಗಸಲ್ಲ ಅವಳು. ಗಂಡನಿಗೆ ಮಾತ್ರ ಹೇಳಿದಳು: "ವರ್ಷ ಮೂರಾಯ್ತ್. ದಂಡೆ ಮುಗ್ದ್ ದಿನ ನಾ ಹೊರಡ್ತೆ. ನೀವ್ ಬಪ್ಪುದಿಲ್ಲೆ ಅಂತ ನಂಗೊತ್ತಿತ್ತ್." ಹೆರಿಯನಿಗೆ ಎರಡು ಕಡೆಯೂ ದಾರಿ ಮುಚ್ಚಿತ್ತು. ತಡಿಗೆ ಹೋದರೆ ಅಲೆಯಲೆಯಲ್ಲೂ ತಮ್ಮಂದಿರ ಮುಖ. ಇಲ್ಲಿದ್ದರೆ ಅಕ್ಕಣಿಯಿಲ್ಲದ ಮನೆ. ಅವಳನ್ನು ಬಿಟ್ಟು ಬದುಕಲು ಅವನಿಂದಾಗದು. ದಿನವೂ ಕಲ್ಲು ಹೊತ್ತ; ತಾನು ಹೊತ್ತ ಒಂದೊಂದು ಕಲ್ಲೂ ಅವಳನ್ನು ಒಂದೊಂದು ಹೆಜ್ಜೆ ದೂರ ಮಾಡುವುದೆಂದು ಬಲ್ಲ.

ದಂಡೆ ಅವನ ಗದ್ದೆಯ ಬದುವಿಗೆ ಬಂದ ದಿನ ಹೆರಿಯ ಹೆಗಲ ಕಲ್ಲು ಇಳಿಸಿ ಅಡ್ಡ ನಿಂತ.

"ಒಡೇರೆ, ನನ್ನ ಗದ್ದಿ ಹೊರ್ಗೇ ಇರ್ಲಿ. ದಂಡೆ ಅದ್ರ ಹಿಂದ್ ಹೋಯ್ಲಿ."

ಹೆಗ್ಡೆಯವರು ಕಣ್ಣು ಕಣ್ಣು ಬಿಟ್ಟರು. "ಮರ್ಲಾ ನಿಂಗೆ? ಇಪ್ಪುದೊಂದ್ ಗದ್ದಿ! ಉಂಬುದೆಂತ?"

"ಕೂಲಿ ಮಾಡಿ ಉಂತೆ. ನಂಗೆ ಕಡಲಿಗ್ ಹೋಪುಕಾತಿಲ್ಲೆ. ಅದೇ ಬರ್ಲಿ."

ಎಂದವನೇ ಗುದ್ದಲಿ ಎತ್ತಿ ತನ್ನ ಕೈಯಾರೆ ಬದು ಕಡಿದನಂತೆ. ಅಷ್ಟಿಷ್ಟು ಉಳಿದು ತೆನೆಗಟ್ಟುತ್ತಿದ್ದ ಪೈರಿನ ನಡುವೆ ಉಪ್ಪುನೀರು ಸುಳಿಸುಳಿದು ಏರಿತು. ಸುದ್ದಿ ಕೇಳಿ ಅಕ್ಕಣಿ ಓಡೋಡಿ ಬಂದು ಗದ್ದೆಗಿಳಿದಳು. "ಅಯ್ಯೋ, ಉಂಬೂ ಗದ್ದಿಗೆ ಉಪ್ಪ್ ಬಿಟ್ರ್ಯಾ!" ಎಂದು ತಲೆಯ ಮೇಲೆ ಕೈಹೊತ್ತು ಅತ್ತಳು. ಹೆರಿಯನೂ ನೀರಿಗಿಳಿದು, ತಮ್ಮಂದಿರು ಹೋದ ಮೇಲೆ ಮೊದಲ ಬಾರಿಗೆ, ಪಡುವಣಕ್ಕೆ ಮುಖಮಾಡಿ ಅವಳ ಪಕ್ಕ ನಿಂತ. ಅಕ್ಕಣಿ ಕೆಳಮಕ್ಕಿಯನ್ನು ಬಿಟ್ಟು ಹೋಗಲಿಲ್ಲ. ಕಡಲ ಆಸೆ ತೀರಿತೆಂದೇನೂ ಅಲ್ಲ. ಮುದುಕಿಯಾಗಿ ಕಣ್ಣು ಮಂಜಾದ ಮೇಲೂ ಉಬ್ಬರದ ಹೊತ್ತಿಗೆ ಎದ್ದು ಬರುತ್ತಿದ್ದಳಂತೆ.

ಇಂದಿಗೂ ಕಡಲತಡಿಯಿಂದ ಈ ಊರಿಗೆ ಮದುವೆಯಾಗಿ ಬರುವ ಹೆಣ್ಣು ಮೊದಲು ತವರುಗದ್ದೆಗೆ ಇಳಿದು ಕಾಲು ನೆನೆಸುತ್ತಾಳೆ. ಗಂಡನ ಮನೆಯ ಹೊಸಿಲು ಆಮೇಲೆ. ಆ ಹೊತ್ತಿಗೆ ಹೋದವರಿಗೆ ದಿಬ್ಬಣವಿಡೀ ದಂಡೆಯ ಮೇಲೆ ಸುಮ್ಮನೆ ನಿಂತಿರುವುದು ಕಾಣುತ್ತದೆ. ಎಷ್ಟೇ ತಡವಾಗಲಿ, ಅವಳು ತಾನಾಗಿ ಮೇಲೆ ಹತ್ತಿ ಬರುವ ತನಕ ಯಾರೂ ಅವಳನ್ನು ಕರೆಯಬಾರದು ಎನ್ನುತ್ತಾರೆ.