ಸೋರದ ಪೈಪು

ಹೊಳೆಯ ದಂಡೆಯ ಆಶ್ರಮಕ್ಕೆ ಹೊಸ ಗಾಡಿ ಬಂತು. ಕಲ್ಲು, ಹಳ್ಳ, ಉಸುಕು ಯಾವುದಕ್ಕೂ ಹೆದರದ, ನಾಲ್ಕೂ ಗಾಲಿ ಎಳೆಯುವ ಗಾಡಿ. ಭಕ್ತರೊಬ್ಬರು ಕೊಟ್ಟದ್ದು. ಶೋರೂಮಿನಿಂದ ಹೇಗೆ ಬಂದಿತ್ತೋ ಹಾಗೇ ಇತ್ತು. ಸೀಟಿನ ಪ್ಲಾಸ್ಟಿಕ್ಕನ್ನೂ ಯಾರೂ ತೆಗೆದಿರಲಿಲ್ಲ.

"ಇದನ್ನ ತಯಾರ ಮಾಡು," ಎಂದರು ಆಶ್ರಮದ ಗುರು ಅಜ್ಜಾರು. "ಶಿವರಾತ್ರಿ ಮುಗಿದ ಮ್ಯಾಲೆ ಹೊರಡೂನು."

ಶಿಷ್ಯ ಸಿದರಾಯ ತಲೆಯಾಡಿಸಿದ.

ವರ್ಷಕ್ಕೊಂದು ತಿಂಗಳು ಅಜ್ಜಾರು ಕುರಿಗಾರರ ಹಟ್ಟಿಗಳಿಗೆ ಹೋಗುತ್ತಿದ್ದರು. ಕುರಿಗಳನ್ನು ಎಲ್ಲಿ ತರುಬಿ ನಿಲ್ಲಿಸಿರುತ್ತಾರೋ ಅಲ್ಲೇ ಅವರ ಬಿಡಾರ. ಹಗಲು ಮಕ್ಕಳ ಕಣ್ಣಿಗೆ ಔಷಧ ಹಾಕುವುದು, ದೊಡ್ಡವರ ಜಗಳ ಬಿಡಿಸುವುದು. ಕತ್ತಲಾದರೆ ಬಯಲಲ್ಲೇ ಚಾಪೆ. ಗಾಡಿ ನಡೆಸುವುದು ಸಿದರಾಯನ ಕೆಲಸ.

ಹೋದ ವರ್ಷ ಹಳೆಯ ಜೀಪು ನಡುಬಯಲಲ್ಲಿ ನಿಂತುಬಿಟ್ಟಿತ್ತು. ಡೀಸೆಲ್ ಖಾಲಿ. ಎರಡು ದಿನ ನರಪಿಳ್ಳೆ ಸುಳಿಯಲಿಲ್ಲ. ಇದ್ದ ನೀರು ಮೊದಲ ದಿನವೇ ಮುಗಿಯಿತು. ಕುರಿಗಾರರು ಕಂಡು ಹೊತ್ತು ತರುವಷ್ಟರಲ್ಲಿ, ಎಪ್ಪತ್ತು ದಾಟಿದ ಅಜ್ಜಾರಿಗೆ ಮಾತೇ ಹೊರಡುತ್ತಿರಲಿಲ್ಲ.

ಪೈಪು ಸೋರಿ ಡೀಸೆಲ್ ಹೋಯಿತು ಎಂದು ಸಿದರಾಯ ಎಲ್ಲರಿಗೂ ಹೇಳಿದ. ಎಲ್ಲರೂ ನಂಬಿದರು. ಜೀಪು ಗುಜರಿಗೆ ಹೋಯಿತು. ಆ ಪೈಪು ಕೂಡಿಸಿದ್ದ ಮೆಕ್ಯಾನಿಕ್ ಮಕ್ತುಂಸಾಬನ ಅಂಗಡಿಯತ್ತ ಆಶ್ರಮದವರು ಮತ್ತೆ ತಲೆ ಹಾಕಲಿಲ್ಲ.

ಪೈಪು ಸೋರಿರಲಿಲ್ಲ. ಅದು ಗೊತ್ತಿರುವವನು ತಾನೊಬ್ಬನೇ ಎಂದು ಸಿದರಾಯ ತಿಳಿದಿದ್ದ. ಬಾಯಿಬಿಟ್ಟರೆ ಆಶ್ರಮದಲ್ಲಿ ತನಗೆ ಜಾಗವಿಲ್ಲ ಎಂದೂ ತಿಳಿದಿದ್ದ. ಹತ್ತು ತಿಂಗಳಿಂದ ಅವನ ಗಂಟಲಲ್ಲಿ ಅನ್ನ ನೆಟ್ಟಗೆ ಇಳಿದಿರಲಿಲ್ಲ, ಪಾಪ.

ಹೀಗಾಗಿ ಅವನು ಹೊಸ ಗಾಡಿಯ ಮೇಲೆ ಮುಗಿಬಿದ್ದ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತ. ಇದು ಬೇಕು, ಅದು ಬೇಕು ಎಂದ. ಅಜ್ಜಾರ ಜೀವದ ಪ್ರಶ್ನೆ ಎಂದ ಮೇಲೆ ಭಕ್ತರು ಇಲ್ಲವೆನ್ನುತ್ತಾರೆಯೇ? ತಿಂಗಳೊಳಗೆ ಗಾಡಿಯ ಗುರುತೇ ಸಿಗದಂತಾಯಿತು.

"ಅಜ್ಜಾರ, ತಯಾರಾತ್ರಿ. ಬಂದು ನೋಡ್ರಿ."

ಅಜ್ಜಾರು ಕೋಲೂರಿಕೊಂಡು ಒಂದು ಸುತ್ತು ಬಂದರು. ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಮಡಚಿದ ಡೇರೆ, ಡೇರೆಯ ಪಕ್ಕ ನಾಲ್ಕು ಡೀಸೆಲ್ ಕ್ಯಾನು. ಮುಂದೆ ಉಕ್ಕಿನ ಹಗ್ಗ ಸುತ್ತಿದ ವಿಂಚು. ಜಾತ್ರೆಗಾಗುವಷ್ಟು ದೀಪ. ಪಕ್ಕದಲ್ಲಿ ನೆತ್ತಿಯವರೆಗೆ ಏರಿದ ಕರಿಯ ಕೊಳವೆ.

"ಈ ಕೊಳವಿ ಯಾತರದು?"

"ಗಾಡಿ ನೀರಾಗ ಮುಳುಗಿದ್ರೂ ಇಂಜಿನ್ನಿಗೆ ಗಾಳಿ ಹೋಗತೈತ್ರಿ."

"ಹೋದ ವರ್ಷ ನಾವು ನೀರಾಗ ಮುಳುಗಿದ್ವೇನೋ?"

ಅಜ್ಜಾರು ಮುಂದೆ ಬಂದು ವಿಂಚನ್ನು ಕೋಲಿನಿಂದ ತಟ್ಟಿದರು.

"ಈ ಹಗ್ಗ?"

"ಎಲ್ಲೆರ ಸಿಕ್ಕೊಂಡ್ರ ಗಿಡಕ್ಕ ಕಟ್ಟಿ ಎಳಕೋಬಹುದ್ರಿ."

"ಆ ಬಯಲಾಗ ಒಂದರ ಗಿಡ ನೋಡೀಯೇನು?"

"ಇಲ್ರಿ."

ಅಜ್ಜಾರು ಗಾಡಿಯ ಮೆಟ್ಟಿಲ ಮೇಲೆ ಕೂತರು. "ನೀರಡಿಕಿ ಆಗೈತಿ. ನೀರು ಕೊಡು."

ಸಿದರಾಯ ಅಡುಗೆಮನೆಯತ್ತ ಓಡಿದ.

"ಅಲ್ಲಿಂದ ಬ್ಯಾಡೋ. ಗಾಡ್ಯಾಗಿಂದ ಕೊಡು."

ನೀರಿನ ಕ್ಯಾನು ಎಲ್ಲಕ್ಕಿಂತ ಒಳಗಿತ್ತು. ಸಿದರಾಯ ಮಡಚುವ ಕುರ್ಚಿ ಇಳಿಸಿದ. ಮಡಚುವ ಮೇಜು ಇಳಿಸಿದ. ಒಲೆಯ ಪೆಟ್ಟಿಗೆ, ಹತ್ಯಾರದ ಪೆಟ್ಟಿಗೆ, ಬ್ಯಾಟರಿಯ ಪೆಟ್ಟಿಗೆ ಇಳಿಸಿದ. ಲೋಟ ಎಲ್ಲಿಟ್ಟಿದ್ದೆ ಎಂಬುದು ನೆನಪಾಗದೆ ಮತ್ತೆ ಎರಡು ಚೀಲ ಬಿಚ್ಚಿದ. ಅಜ್ಜಾರ ಕೈಗೆ ನೀರು ಬಂದಾಗ ಅವರು ಕೂತಲ್ಲಿದ್ದ ನೆರಳು ಸರಿದು ಬಿಸಿಲು ಬಂದಿತ್ತು.

ಅಜ್ಜಾರು ನಿಧಾನವಾಗಿ ಕುಡಿದರು. "ಈಗ ಪಂಕ್ಚರ್ ಆಗೈತಿ ಅಂತ ತಿಳಿ. ಜ್ಯಾಕ್ ತಗಿ."

ಜ್ಯಾಕ್ ಇದ್ದದ್ದು ಇನ್ನೂ ಕೆಳಗೆ. ಅದು ಕೈಗೆ ಸಿಗುವ ಹೊತ್ತಿಗೆ ಅಂಗಳದ ತುಂಬ ಸಾಮಾನು ಹರಡಿತ್ತು. ಸಿದರಾಯ ಅದರ ನಡುವೆಯೇ ಬೆವರೊರೆಸಿಕೊಳ್ಳುತ್ತ ಕುಕ್ಕರಿಸಿದ.

"ಇಷ್ಟೆಲ್ಲಾ ಯಾಕೋ ತಮ್ಮಾ?"

"ಹೋದ ವರ್ಷದಂಗ ಆಗಬಾರದಂತ್ರಿ."

"ಹೋದ ವರ್ಷ ಏನಾಗಿತ್ತು?"

"ಪೈಪು..." ಎಂದ ಸಿದರಾಯ. ಮುಂದಿನ ಮಾತು ಬಾಯಿಪಾಠವಾಗಿತ್ತು. ಎಷ್ಟು ಜನರಿಗೆ ಹೇಳಿದ್ದನೋ! ಆದರೆ ಇವತ್ತು ನಾಲಿಗೆ ಏಳಲಿಲ್ಲ.

ಕೈಯಲ್ಲಿದ್ದ ಜ್ಯಾಕನ್ನು ಕೆಳಗಿಟ್ಟ.

"ದಾರಿ ತಪ್ಪಿದ್ದೆ ಅಜ್ಜಾರ," ಎಂದ. "ಮುಂಜಾನೇನ ಗೊತ್ತಾಗಿತ್ತು. ನಿಮ್ಮ ಮುಂದ ಹೆಂಗ ಹೇಳಲಿ ಅಂತ ಹೊಡಕೋತ ಹ್ವಾದೆ. ಇಲ್ಲಿ ಸಿಗತೈತಿ, ಅಲ್ಲಿ ಸಿಗತೈತಿ ಅಂತ ಸಂಜೀ ತನಕ ಹೊಡದೆ. ಹಟ್ಟಿಗೋಳು ಎಲ್ಲೋ ಹಿಂದ ಉಳದ್ವು. ಡೀಸೆಲ್ ಸೋರಲಿಲ್ರಿ, ನಾನ ಸುಟ್ಟೆ. ಆಮ್ಯಾಲೆ ಸೋರಿದಂಗ ಕಾಣಲಿ ಅಂತ ಪಾನಾ ತಗೊಂಡು ಪೈಪಿನ ನಟ್ಟು ಸಡ್ಲ ಮಾಡಿದೆ."

ಹೇಳಿ ಮುಗಿಸಿ ಗಳಗಳ ಅತ್ತ.

"ಎರಡು ದಿನ ಜೀಪಿನ ಕೆಳಗ ನೆರಳಿಗೆ ಮಲಗಿದವ ನಾನು," ಎಂದರು ಅಜ್ಜಾರು. "ಮ್ಯಾಲಿಂದ ಒಂದು ಹನಿ ಬೀಳಲಿಲ್ಲ. ನೀ ಪಾನಾ ಹಿಡಕೊಂಡು ಒಳಗ ತೂರಿದಾಗ ನನಗ ಎಚ್ಚರಿತ್ತು. ಕಣ್ಣು ಮುಚ್ಚಿಕೊಂಡೆ."

ಸಿದರಾಯ ಬೆಪ್ಪಾಗಿ ನೋಡಿದ. ಹತ್ತು ತಿಂಗಳು! ಹತ್ತು ತಿಂಗಳು ಅವನು ಬಚ್ಚಿಟ್ಟುಕೊಂಡು ತಿರುಗಿದ್ದನ್ನು, ಯಾರಿಗೆ ಹೆದರಿದ್ದನೋ ಅವರೇ ಮೊದಲ ದಿನದಿಂದ ಬಲ್ಲರು.

"ಗೊತ್ತಿದ್ದೂ ಯಾಕ ಸುಮ್ಮಕಿದ್ರಿ ಅಜ್ಜಾರ?"

"ಮನಿ ಮುಟ್ಟೂದ್ರಾಗ ಹೇಳತೀ ಅಂದ್ಕೊಂಡೆ. ಆಮ್ಯಾಲೆ ದೀಪಾವಳಿಗೆ ಹೇಳತೀ ಅಂದ್ಕೊಂಡೆ. ಹಂಗ ಕಾಯ್ದದ್ದು ನನ್ನ ತಪ್ಪು."

"ನಾ ಗಂಟು ಕಟ್ಟಲೇನ್ರಿ?"

"ಎಲ್ಲಿಗೆ?"

ಸಿದರಾಯ ಹರಡಿದ್ದ ಸಾಮಾನನ್ನು ಮತ್ತೆ ಗಾಡಿಗೆ ತುಂಬತೊಡಗಿದ.

"ಗಾಡಿ ತಗಿ," ಎಂದರು ಅಜ್ಜಾರು. "ಮಕ್ತುಂಸಾಬನ ಹಂತೇಕ ಹೋಗೂದೈತಿ. ನಾನೂ ಬರತೀನಿ."

ಮಕ್ತುಂಸಾಬನದು ಊರ ಹೊರಗಿನ ತಗಡಿನ ಶೆಡ್ಡು. ಅಜ್ಜಾರು ಇಳಿದದ್ದನ್ನು ಕಂಡು ಅವನು ಎದ್ದು ನಿಂತ. ಹತ್ತಿರ ಬರಲಿಲ್ಲ. ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತ ಅಲ್ಲೇ ನಿಂತ.

ಸಿದರಾಯ ಎದುರು ಹೋಗಿ ಎಲ್ಲ ಹೇಳಿದ. ಅಜ್ಜಾರಿಗೆ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಯಿತು. ಮಧ್ಯೆ ಎರಡು ಸಲ ನಿಂತ. ಆದರೂ ಪಾನಾದವರೆಗೆ ಒಂದನ್ನೂ ಬಿಡದೆ ಹೇಳಿದ.

ಮಕ್ತುಂಸಾಬ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಹಂಗಾರ ನನ್ನ ಕೈ ಸರಿ ಅದಾವು?"

"ಸರಿ ಅದಾವು ಕಾಕಾ."

"ಅವತ್ತಿಂದ ನಾ ಪೈಪಿಗೆ ಕೈ ಹಚ್ಚಿಲ್ಲ ಮಗನ. ಯಾರರ ತಂದ್ರ ಬ್ಯಾರೆ ಕಡೆ ಕಳಸತೀನಿ. ಅಜ್ಜಾರಂಥವರನ್ನ ಕೊಲ್ಲತಿದ್ದೆನಲ್ಲಾ, ವಯಸ್ಸಾತು, ಕೈ ಕೆಟ್ಟ್ವು ಅಂತ..."

ಕೈಯ ಬಟ್ಟೆಯಿಂದ ಮುಖ ಒರೆಸಿಕೊಂಡ. ಆಮೇಲೆ ಸಿಟ್ಟು ಬಂತು. ಬೈಯತೊಡಗಿದ. ಸಿದರಾಯನನ್ನು ಬೈದ, ಅವನ ಮೊಬೈಲನ್ನು ಬೈದ, ಗುಜರಿಗೆ ಹೋದ ಜೀಪನ್ನು ನೆನೆದು ಇನ್ನೊಂದು ಸುತ್ತು ಬೈದ. ಕೇಳುತ್ತ ಕೇಳುತ್ತ ಸಿದರಾಯನ ಮೈ ಹಗುರಾಯಿತು. ಇನ್ನೂ ಬೈಯಲಿ ಎನ್ನಿಸಿತು.

"ನನಗೂ ಒಂದೀಟು ಉಳಸು," ಎಂದರು ಅಜ್ಜಾರು. ಅವರು ಹಳೆಯ ಟಯರೊಂದರ ಮೇಲೆ ಕೂತಿದ್ದರು. "ಇವಗ ಬುದ್ಧಿ ಬರಲಿ ಅಂತ ನಾ ಸುಮ್ಮಕ ಕುಂತೆ. ನಿನ್ನ ನೆನಪ ಮಾಡಲಿಲ್ಲ."

"ನಿಮ್ಮನ್ನ ಹೆಂಗ ಬೈಲಿ ಅಜ್ಜಾರ!"

"ಬೈಯದಿದ್ರ ನಾ ಇಲ್ಲಿಂದ ಏಳೂದಿಲ್ಲ."

ಮಕ್ತುಂಸಾಬ ಅತ್ತಿತ್ತ ನೋಡಿದ. ಕೊನೆಗೆ ಕೇಳಿಸಿತೋ ಇಲ್ಲವೋ ಎನ್ನುವಂತೆ, "ನೀವೂ ತಪ್ಪು ಮಾಡೀರ್ರಿ," ಎಂದ.

"ಹೂಂ, ಮಾಡೀನಿ," ಎಂದು ಅಜ್ಜಾರು ಕೈಮುಗಿದರು.

ಮಕ್ತುಂಸಾಬನ ಮುಖ ಅರಳಿತು. ಪಾನಾ ಹಿಡಿದು ಗಾಡಿಯತ್ತ ತಿರುಗಿದ. "ಏನಿದು, ಮದುವಿ ಗಾಡಿ ಮಾಡಿಟ್ಟೀಯಲ್ಲೋ ಇದನ್ನ!"

ಎರಡು ದಿನ ಅವನು ಗಾಡಿಯ ಕೆಳಗಿಂದ ಏಳಲಿಲ್ಲ. ನೆತ್ತಿಯ ಭಾರ ಇಳಿಸಿದ. ಮೇಲೆ ಅಷ್ಟು ಹೊತ್ತರೆ ಹಳ್ಳದ ಓರೆಯಲ್ಲಿ ಗಾಡಿ ಮಗುಚುತ್ತದೆ ಎಂದ. ವಿಂಚು, ಕೊಳವೆ, ದೀಪ ಬಿಚ್ಚಿಟ್ಟ. ಮುಳ್ಳಿಗೆ ಜಗ್ಗದ ದಪ್ಪ ಟಯರು ಹಾಕಿದ. ಕಲ್ಲು ಬಡಿಯದಂತೆ ಇಂಜಿನ್ನಿನ ಕೆಳಗೆ ಕಬ್ಬಿಣದ ತಗಡು ಕೂಡಿಸಿದ. ಇಬ್ಬರು ಮಲಗುವಷ್ಟು ಹಲಗೆಯನ್ನು ಹಿಂದೆ ಹಾಸಿದ. ಡೀಸೆಲ್ಲಿನ ಪೈಪನ್ನು ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಾರೆ ಬಿಗಿ ಮಾಡಿ, ಎರಡೆರಡು ಸಲ ಒರೆಸಿ ನೋಡಿದ.

"ನೀರು ಬಾಗಲ ಹಂತೇಕ," ಎಂದು ಸಿದರಾಯನಿಗೆ ತೋರಿಸಿದ. "ಜ್ಯಾಕ್, ಸಲಿಕೆ ಅದರ ಬಾಜೂಕ. ಡೀಸೆಲ್ಲು ಒಂದ ಕ್ಯಾನು. ಔಷಧ, ಚಾದ ಡಬ್ಬಿ, ಒಲಿಗೆ ನಾಕು ಕುಳ್ಳು ಸೀಟಿನ ಹಿಂದ. ಉಳದದ್ದು ಮನ್ಯಾಗಿರಲಿ."

ಹೊರಡುವ ಮುನ್ನ ಸಿದರಾಯ ಆಶ್ರಮದವರ ಮುಂದೆಯೂ ನಿಂತು ಹೇಳಿದ. ಕೆಲವರು ಮುಖ ತಿರುಗಿಸಿದರು. ಬೇರೆ ಡ್ರೈವರನನ್ನು ನೋಡೋಣ ಎಂದು ಹಿರಿಯರೊಬ್ಬರು ಅಂದರು. ಅಜ್ಜಾರು ಹೋಗಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ಸಿದರಾಯನನ್ನು ಕರೆದರು. ಸಿದರಾಯನಿಗೆ ಗಾಡಿ ಚಾಲೂ ಮಾಡಲು ಕಣ್ಣು ಒರೆಸಿಕೊಳ್ಳಬೇಕಾಯಿತು.

ಮೊದಲ ಹಟ್ಟಿಯಲ್ಲಿ ಮೂರು ದಿನ ಇದ್ದರು. ಅಲ್ಲಿಂದ ಎರಡನೆಯದಕ್ಕೆ ಹೊರಟಾಗ ಬೆಳಗಿನ ಎಳೆಬಿಸಿಲು. ಎರೆಬಯಲು ಕಣ್ಣು ಮುಟ್ಟುವವರೆಗೂ ಒಂದೇ ಸಮ. ಕುರಿಯ ಹೆಜ್ಜೆ ಹಿಡಿದು ಗಾಡಿ ಸಾಗಿತ್ತು. ಸ್ವಲ್ಪ ಹೊತ್ತಿಗೆ ಹೆಜ್ಜೆ ತೆಳುವಾಯಿತು. ಆಮೇಲೆ ಇಲ್ಲವೇ ಆಯಿತು.

ಸಿದರಾಯ ಪಕ್ಕಕ್ಕೆ ನೋಡಿದ. ಅಜ್ಜಾರು ತೂಕಡಿಸುತ್ತಿದ್ದರು. ಇನ್ನು ನಾಲ್ಕು ಮಾರು ಹೋದರೆ ಸಿಕ್ಕೀತು ಎಂದು ಕಾಲು ತಾನಾಗಿಯೇ ಒತ್ತಿತು.

ಅವನು ಕಾಲೆತ್ತಿದ. ಗಾಡಿ ನಿಲ್ಲಿಸಿದ. ಇಂಜಿನ್ ಬಂದ್ ಮಾಡಿದ.

"ಅಜ್ಜಾರ."

"ಹೂಂ?"

"ದಾರಿ ತಪ್ಪೀನ್ರಿ."

ಇಷ್ಟೇನಾ ಎನ್ನಿಸಿತು ಅವನಿಗೆ. ಆಕಾಶ ಕಳಚಿ ಬೀಳಲಿಲ್ಲ. ಎಲ್ಲೋ ಹಕ್ಕಿಯೊಂದು ಕೂಗುತ್ತಲೇ ಇತ್ತು. ಎದೆಯ ತುಂಬ ಗಾಳಿ ಎಳೆದುಕೊಂಡು, ಹೋದ ವರ್ಷವೇ ಕೇಳಬೇಕಾಗಿದ್ದ ಮಾತನ್ನು ಕೇಳಿದ.

"ನಿಮಗ ದಾರಿ ಗೊತ್ತೈತೇನ್ರಿ?"

ಅಜ್ಜಾರು ಬಾಗಿಲು ತೆಗೆದು ಕೆಳಗಿಳಿದರು.

"ನನಗೂ ಗೊತ್ತಿಲ್ಲಪಾ. ಭಾಳ ದೂರ ಏನ್ ಬಂದಿಲ್ಲ, ಒಲಿ ಹೂಡಿ ಚಾ ಕಾಸು. ಹೊಗಿ ಕಂಡವರು ಯಾರರ ಬರತಾರ."