ತೋಂಟಪ್ಪನ ತಕರಾರು

"ಗುರುಗಳೇ, ಬಯಸಿದ್ದು ಕೈಗೆ ಬಂದರೆ ಹೊಟ್ಟೆಕಿಚ್ಚು ತಾನಾಗಿಯೇ ಆರುವುದಿಲ್ಲವೇ?" ಎಂದು ಮರುಳಸಿದ್ಧ ಕೇಳಿದ.

ಮಠದಲ್ಲಿ ಅಂದಿನ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಮರುಳಸಿದ್ಧ ಮಾತ್ರ ಕೂತಲ್ಲೇ ಕೂತಿದ್ದ. ಯಾರದೋ ಪರವಾಗಿ ಕೇಳುವವನ ಹಾಗೆ ಕೇಳಿದ್ದ. ಆದರೆ ಆ ವಾರದ ಪ್ರವಚನಕ್ಕೆ ಅವನನ್ನು ಬಿಟ್ಟು ಅವನಿಗಿಂತ ಮೂರು ವರ್ಷ ಚಿಕ್ಕವನನ್ನು ಕೂರಿಸಿದ್ದು ಗುರುಗಳಿಗೆ ಗೊತ್ತಿತ್ತು, ಕೂರಿಸಿದವರು ಅವರೇ. ತನಗೂ ಒಂದು ಸಲ ಆ ಜಾಗ ಸಿಕ್ಕಿಬಿಟ್ಟರೆ ಮನಸ್ಸು ತಣ್ಣಗಾಗುತ್ತದೆ, ಆಮೇಲೆ ಯಾರು ಕೂತರೂ ತನಗೇನು ಎಂದು ಮರುಳಸಿದ್ಧ ನಂಬಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳುತ್ತೇನೆ ಕೇಳು, ಇದರಲ್ಲಿ ರಾಜನೂ ಇಲ್ಲ, ಕಾಡೂ ಇಲ್ಲ, ಇತ್ತೀಚಿನದೇ ಎಂದು ಶುರುಮಾಡಿದರು.

ಒಬ್ಬ ಅಚ್ಚುಗಾರನಿದ್ದ. ತೋಂಟಪ್ಪ ಎಂದಿಟ್ಟುಕೊ. ಹುಬ್ಬಳ್ಳಿಯ ಹೊರಗೆ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಅವನದೊಂದು ಶೆಡ್ಡು. ಅವನು ಮಾಡುತ್ತಿದ್ದುದು ಮುಚ್ಚಳ. ನಗಬೇಡ, ಅದೇನು ಅಷ್ಟು ಸುಲಭದ ಕೆಲಸವಲ್ಲ. ಈಗ ಊರೂರಲ್ಲಿ ಕಂಬದ ಮೇಲೆ ಕ್ಯಾಮೆರಾ ಕೂರಿಸುತ್ತಾರಲ್ಲ, ಅದು ಕಂಡದ್ದನ್ನು ಪಕ್ಕದ ರೇಡಿಯೊ ಪೆಟ್ಟಿಗೆ ತಂತಿಯಿಲ್ಲದೆ ಮುಂದಿನ ಕಂಬಕ್ಕೆ ದಾಟಿಸುತ್ತದೆ, ಆ ಕಂಬ ಅದರ ಮುಂದಿನದಕ್ಕೆ. ಆ ಪೆಟ್ಟಿಗೆಗೆ ಮಳೆ ತಾಗಬಾರದು. ತಗಡು ಮುಚ್ಚಿದರೆ ರೇಡಿಯೊ ಅಲೆ ಹೊರಗೆ ಬರುವುದಿಲ್ಲ. ಬರಿಯ ಪ್ಲಾಸ್ಟಿಕ್ಕು ಎರಡು ಬೇಸಿಗೆಗೆ ಸೀಳುತ್ತದೆ. ತೋಂಟಪ್ಪ ಕತ್ತಾಳೆ ನಾರಿನ ಬಟ್ಟೆಯನ್ನು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಒಲೆಯಲ್ಲಿ ಮೆತ್ತಗಾಗುವ ತನಕ ಕಾಸಿ, ಅಚ್ಚಿಗೆ ಹಾಕಿ ಒತ್ತುತ್ತಿದ್ದ. ಹಗುರವಾದ, ಗಟ್ಟಿಯಾದ, ಅಲೆಗೆ ಅಡ್ಡಬಾರದ ಮುಚ್ಚಳ ಹೊರಬರುತ್ತಿತ್ತು.

ಈ ಕೆಲಸದಲ್ಲಿ ಅವನ ಹೆಸರಿಗೆ ಎರಡು ಪೇಟೆಂಟುಗಳಿದ್ದವು. ಇದನ್ನು ಮೊದಲು ಕಂಡುಹಿಡಿದವನು ಇವನು, ಇಪ್ಪತ್ತು ವರ್ಷ ಇವನ ಒಪ್ಪಿಗೆಯಿಲ್ಲದೆ ಬೇರೆಯವರು ಮಾಡಕೂಡದು ಎಂದು ಸರ್ಕಾರ ಕೊಡುವ ಪತ್ರ ಅದು. ಎರಡಕ್ಕೂ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದ.

ಅಷ್ಟಿದ್ದರೂ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ಪತ್ರಗಳು ವಸ್ತು ಹೊಸದು ಎಂದು ಹೇಳುತ್ತಿದ್ದವು. ಮಾಡಿದವನು ಎಂಥವನು ಎಂದು ಹೇಳುತ್ತಿರಲಿಲ್ಲ. ಮುಚ್ಚಳ ಕೊಳ್ಳಲು ಬರುವ ಎಂಜಿನಿಯರುಗಳು ಚೆನ್ನಾಗಿದೆ, ಚೆನ್ನಾಗಿದೆ ಎಂದು ಬಾಯಲ್ಲಿ ಹೇಳಿ ಹೋಗುತ್ತಿದ್ದರು. ಈ ಕಸುಬಿನಲ್ಲಿ ತೋಂಟಪ್ಪನಿಗೆ ಸಮನಿಲ್ಲ ಎಂಬ ಒಂದು ಸಾಲು, ಬೇರೆಯವರ ಕೈಯಿಂದ, ಕಾಗದದ ಮೇಲೆ ಬರಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಒಮ್ಮೆ ಕಾರ್ಖಾನೆಯವರ ಸಂಘದ ಸ್ಮರಣ ಸಂಚಿಕೆಗೆ ಪರಿಚಯ ಬರೆದುಕೊಡಿ ಎಂದಾಗ ಆ ಸಾಲನ್ನು ತಾನೇ ಬರೆದುಕೊಟ್ಟಿದ್ದ. ಅಚ್ಚಾಗಿಯೂ ಬಂತು. ಆದರೆ ಓದಿದರೆ ತನ್ನ ಧ್ವನಿಯೇ ಕೇಳುತ್ತಿತ್ತು, ಸುಖವಾಗಲಿಲ್ಲ.

ಅವನಿಗೆ ಇನ್ನೊಂದು ತಲೆನೋವಿತ್ತು. ಮುಚ್ಚಳದ ಮೂಲೆ. ಬಿಸಿ ಹಾಳೆ ಅಚ್ಚಿನ ಮೂಲೆಗೆ ಇಳಿಯುವಾಗ ನಾರು ಸುಕ್ಕುಗಟ್ಟುತ್ತಿತ್ತು. ಸುಕ್ಕಿದ್ದಲ್ಲಿ ಸಣ್ಣ ಸಂದು, ಸಂದಿನಲ್ಲಿ ನೀರು, ಮೂರನೆಯ ಮಳೆಗಾಲಕ್ಕೆ ಪೆಟ್ಟಿಗೆ ಹಾಳು. ತೋಂಟಪ್ಪ ಹಾಳೆಯ ಅಂಚನ್ನು ಕಚ್ಚಿ ಹಿಡಿಯುವ ಎಂಟು ಕಬ್ಬಿಣದ ಹಿಡಿಕೆಗಳಿಂದ ಬಿಗಿದ. ಸುಕ್ಕು ಹೋಗಲಿಲ್ಲ. ಹದಿನಾರರಿಂದ ಬಿಗಿದ. ಇಪ್ಪತ್ನಾಲ್ಕರಿಂದ ಬಿಗಿದ. ಹೀಗೆ ಹನ್ನೊಂದು ವರ್ಷ ಕಳೆಯಿತು. ಎರಡನೆಯ ಪೇಟೆಂಟಿನ ಅರ್ಜಿಯಲ್ಲಂತೂ, ಮೂಲೆಯ ಸುಕ್ಕನ್ನು ತೆಗೆಯುವುದು ಈವರೆಗೆ ಯಾರಿಂದಲೂ ಆಗಿಲ್ಲ ಎಂದು ತಾನೇ ಬರೆದಿದ್ದ. ತನ್ನಿಂದಾಗದ್ದು ಇನ್ನು ಯಾರಿಂದಾದೀತು ಎಂಬ ಧೈರ್ಯ.

ಅವನ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಮೋನೇಶ ಎಂಬ ಬಡಿಗರವನಿದ್ದ. ಮಾತು ಕಡಿಮೆ, ಕೈ ಚೊಕ್ಕ. ಅವನು ಒಂದು ದಿನ ನಮಸ್ಕಾರ ಮಾಡಿ, ಹೇಳಿಯೇ ಬಿಟ್ಟುಹೋಗಿ, ಎದುರು ಸಾಲಿನಲ್ಲಿ ತನ್ನದೇ ಪುಟ್ಟ ಶೆಡ್ಡು ಹಾಕಿದ. ನೀನೂ ಮುಚ್ಚಳ ಮಾಡಿಕೊ ಎಂದು ಒಪ್ಪಿಗೆ ಕೊಟ್ಟು ತೋಂಟಪ್ಪನೇ ಹೋಗಿ ತೆಂಗಿನಕಾಯಿ ಒಡೆದು ಬಂದಿದ್ದ. ಚಿಕ್ಕವನು ಚಿಕ್ಕವನಾಗಿಯೇ ಇರುವ ತನಕ ಹರಸುವುದು ಏನು ಕಷ್ಟ?

ಮೋನೇಶನ ಹತ್ತಿರ ಹಿಡಿಕೆಗಳೇ ಸಾಕಷ್ಟಿರಲಿಲ್ಲ. ಇದ್ದವುಗಳಲ್ಲೂ ಎರಡು ಮುರಿದವು. ಹೊಸದು ತರಲು ಪೇಟೆಗೆ ಹೋಗುವುದಕ್ಕೆ ಸೋಮಾರಿತನ ಬಂದು, ಆ ಬದಿಯನ್ನು ಹಾಗೇ ಬಿಟ್ಟು ಒತ್ತಿದ. ಅಚ್ಚು ತೆಗೆದು ನೋಡಿದರೆ ಬಿಗಿದ ಬದಿಯಲ್ಲಿ ಸುಕ್ಕಿದೆ, ಬಿಟ್ಟ ಬದಿಯಲ್ಲಿ ಇಲ್ಲ. ಅವನು ಅಲ್ಲೇ ಕೂತುಬಿಟ್ಟ. ಆಮೇಲೆ ಎಲ್ಲ ಹಿಡಿಕೆಗಳನ್ನೂ ತೆಗೆದು, ಹಾಳೆಯನ್ನು ಸುತ್ತಲೂ ಸಣ್ಣ ಸ್ಪ್ರಿಂಗುಗಳಿಗೆ ತೂಗುಹಾಕಿ, ಅದು ಬೇಕಾದಷ್ಟು ಜಾರಿ ಮೂಲೆಗೆ ಇಳಿಯುವ ಹಾಗೆ ಮಾಡಿದ. ನಾಲ್ಕು ಮೂಲೆಯೂ ನುಣ್ಣಗೆ ಬಂದವು. ಎಂಟು ತಿಂಗಳು ಮಾಡಿ ನೋಡಿ, ಯಾವ ಸ್ಪ್ರಿಂಗು ಎಷ್ಟು ಎಳೆಯಬೇಕೆಂದು ಬರೆದಿಟ್ಟು, ಪೇಟೆಂಟಿಗೆ ಅರ್ಜಿ ಹಾಕಿದ.

ಮೊದಲ ಮುಚ್ಚಳವನ್ನು ತಂದು ತೋಂಟಪ್ಪನಿಗೇ ತೋರಿಸಿದ. ತೋಂಟಪ್ಪ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ. ಇನ್ನೊಂದು ಮೂಲೆ. ಇನ್ನೊಂದು. ಎಲ್ಲೂ ತಡೆಯಲಿಲ್ಲ. ಹೇಗೆ ಮಾಡಿದೆ ಎಂದು ಕೇಳಿದ, ಮೋನೇಶ ಮುಚ್ಚುಮರೆಯಿಲ್ಲದೆ ಹೇಳಿದ. ಆಗ ತೋಂಟಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಷ್ಟೇನಾ ಎಂದುಕೊಂಡ. ಅದರ ಹಿಂದೆಯೇ, ಇದು ನನಗೇಕೆ ಹೊಳೆಯಲಿಲ್ಲ ಎಂಬುದೂ ತಲೆ ಎತ್ತಿತು. ಎರಡನೆಯದನ್ನು ಅಲ್ಲೇ ಅದುಮಿ ಮೊದಲನೆಯದನ್ನು ಬಾಯಿಬಿಟ್ಟು ಆಡಿದ. "ಇಷ್ಟೇನು?" ಎಂದ. ಮೋನೇಶ ತಲೆಯಾಡಿಸಿ ಮುಚ್ಚಳ ಎತ್ತಿಕೊಂಡು ಹೋದ.

ಅಂದಿನಿಂದ ತೋಂಟಪ್ಪನಿಗೆ ಅನ್ನ ರುಚಿಸಲಿಲ್ಲ. ಎದುರು ಶೆಡ್ಡಿನ ಮುಂದೆ ಗಾಡಿ ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು, ನಿಲ್ಲದಿದ್ದರೆ ಯಾಕೆ ನಿಂತಿಲ್ಲವೆಂದು ಎದ್ದು ನೋಡುತ್ತಿದ್ದ. ಹೆಂಡತಿ, ನಿಮ್ಮ ಕೈಯಲ್ಲಿ ಕಲಿತ ಹುಡುಗನಲ್ಲವೇ, ನಿಮಗೇ ಹೆಸರು ಎಂದಳು. ಅದನ್ನು ಕೇಳಿ ಅವನು ಊಟ ಬಿಟ್ಟು ಎದ್ದ. ತನ್ನ ಗೋಡೆಯ ಎರಡು ಚೌಕಟ್ಟುಗಳು ಅವನ ಕಣ್ಣಿಗೆ ಒಂದೇ ವಾರದಲ್ಲಿ ಹಳೆಯ ಕ್ಯಾಲೆಂಡರಿನಂತೆ ಕಾಣತೊಡಗಿದವು.

ಪೇಟೆಂಟು ಕೊಡುವ ಮುಂಚೆ ಸರ್ಕಾರ ಅರ್ಜಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಯಾರಿಗಾದರೂ ತಕರಾರಿದ್ದರೆ ಬರೆದು ಕೊಡಬಹುದು. ತೋಂಟಪ್ಪ ಬರೆದು ಕೊಟ್ಟ. ಹಾಳೆಯನ್ನು ಬಿಗಿಯದೆ ಬಿಡುವುದು ಒಂದು ವಿದ್ಯೆಯೇ ಅಲ್ಲ, ಈ ಕಸುಬು ಬಲ್ಲ ಎಂಥ ಸಾಧಾರಣ ಮನುಷ್ಯನಿಗೂ ತಾನಾಗಿ ಹೊಳೆಯುವಂಥದ್ದು, ಆದ್ದರಿಂದ ಪೇಟೆಂಟು ಕೊಡಬಾರದು ಎಂದು. ಕಾನೂನು ಅವನ ಪರವಾಗಿಯೇ ಇತ್ತು. ಸಾಧಾರಣ ಕಸುಬುದಾರನಿಗೆ ಹೊಳೆಯುವುದಕ್ಕೆ ಪೇಟೆಂಟಿಲ್ಲ.

ಮೋನೇಶ ಒಂದೇ ಹಾಳೆಯಲ್ಲಿ ಉತ್ತರ ಬರೆದ. ಎಲ್ಲರಿಗೂ ಹೊಳೆಯುವಂಥದ್ದಾಗಿದ್ದರೆ ಅದು ಎಲ್ಲರಿಗಿಂತ ಮೊದಲು ನನಗೆ ಕಲಿಸಿದ ತೋಂಟಪ್ಪನವರಿಗೆ ಹೊಳೆಯಬೇಕಿತ್ತು. ಈ ಕಸುಬಿನಲ್ಲಿ ಅವರಿಗೆ ಸಮನಾದ ಕೈ ಇನ್ನೊಂದಿಲ್ಲ. ಅವರು ಹನ್ನೊಂದು ವರ್ಷ ಈ ಸುಕ್ಕಿನ ಜೊತೆ ಹೋರಾಡಿದ್ದಾರೆ, ಅದರಲ್ಲಿ ಒಂಬತ್ತು ವರ್ಷ ನಾನೇ ಕಣ್ಣಾರೆ ಕಂಡಿದ್ದೇನೆ. ಅವರಿಗೇ ಹೊಳೆಯದ್ದನ್ನು ಸಾಧಾರಣ ಎನ್ನುವುದು ಹೇಗೆ? ಇಷ್ಟು ಬರೆದು ಸಹಿ ಹಾಕಿದ. ಅದು ನಿಜವೆಂದು ಬರೆದನೋ, ತನ್ನ ಅರ್ಜಿಗೆ ಅನುಕೂಲವೆಂದು ಬರೆದನೋ ಎಂದು ನನ್ನನ್ನು ಕೇಳಬೇಡ. ನಿಜವೂ ಹೌದು, ಅನುಕೂಲವೂ ಹೌದು.

ಅದರ ಪ್ರತಿ ತೋಂಟಪ್ಪನಿಗೆ ಬಂತು. ಸಮನಾದ ಕೈ ಇನ್ನೊಂದಿಲ್ಲ ಎಂಬಲ್ಲಿಗೆ ಬಂದಾಗ ಅವನ ಕಣ್ಣು ನಿಂತಿತು. ಇನ್ನೊಮ್ಮೆ ಓದಿದ. ಮುಖ ಅರಳಿತು. ಎಷ್ಟೋ ವರ್ಷದಿಂದ ಕಾದಿದ್ದ ಸಾಲಲ್ಲವೇ ಅದು. ಕೆಳಗಿನ ಸಾಲು ಓದಿದಾಗ ಮುಖ ಮತ್ತೆ ಗಂಟಾಯಿತು. ತನ್ನ ಹೆಗಲ ಮೇಲೆ ಕಾಲಿಟ್ಟೇ ಆ ಮೋನೇಶ ಮೇಲೆ ಹತ್ತುತ್ತಿದ್ದಾನೆ. ತಾನು ದೊಡ್ಡವನಾದಷ್ಟೂ ಅವನ ಅರ್ಜಿ ಗಟ್ಟಿಯಾಗುತ್ತದೆ. ತೋಂಟಪ್ಪ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ವಿಚಾರಣೆಯ ದಿನದವರೆಗೆ ಅದನ್ನು ಯಾರಿಗೂ ತೋರಿಸಲಿಲ್ಲ.

ವಿಚಾರಣೆ ನಡೆಸಿದ ಅಧಿಕಾರಿ ಒಬ್ಬ ಹೆಣ್ಣುಮಗಳು. ಅರ್ಜಿ, ತಕರಾರು, ಉತ್ತರ ಎಲ್ಲವನ್ನೂ ಓದಿಕೊಂಡೇ ಬಂದಿದ್ದಳು. ಮೂಲೆಯ ಸುಕ್ಕು ಯಾರಿಂದಲೂ ತೆಗೆಯಲಾಗಿಲ್ಲ ಎಂದು ತೋಂಟಪ್ಪನೇ ಬರೆದಿದ್ದ ಪುಟವನ್ನು ತೆಗೆದು ಅವನ ಮುಂದಿಟ್ಟಳು.

"ಸಾಧಾರಣ ಕಸುಬುದಾರನಿಗೂ ಹೊಳೆಯುವಂಥದ್ದು ಎನ್ನುತ್ತೀರಿ. ನಿಮಗೆ ಹನ್ನೊಂದು ವರ್ಷ ಹೊಳೆಯಲಿಲ್ಲ. ಹಾಗಾದರೆ ನೀವು ಸಾಧಾರಣಕ್ಕಿಂತ ಕೆಳಗಿನವರೋ, ಇವರ ಉಪಾಯ ಸಾಧಾರಣಕ್ಕಿಂತ ಮೇಲಿನದೋ? ನಾನು ಎರಡರಲ್ಲಿ ಒಂದನ್ನು ಬರೆಯಬೇಕು" ಎಂದಳು.

ತೋಂಟಪ್ಪ ಆ ಪುಟವನ್ನು ನೋಡಿದ. ಉಪಾಯ ದೊಡ್ಡದು ಎಂದರೆ ಮೋನೇಶ ಗೆಲ್ಲುತ್ತಾನೆ. ದೊಡ್ಡದಲ್ಲ ಎನ್ನಬೇಕಾದರೆ ತಾನು ದಡ್ಡನಾಗಬೇಕು. ಮೋನೇಶ ಪಕ್ಕದ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಆ ಬಗ್ಗಿದ ತಲೆಯನ್ನು ನೋಡಿ ತೋಂಟಪ್ಪನಿಗೆ ಇನ್ನಷ್ಟು ಉರಿಯಿತು. ಬೀಗುವವನನ್ನಾದರೂ ಸಹಿಸಿಕೊಳ್ಳಬಹುದಿತ್ತು.

"ಬರಕೊಳ್ರಿ ಮೇಡಂ," ಎಂದ ತೋಂಟಪ್ಪ. "ನಾ ಸಾಧಾರಣ ಮನಷ್ಯಾಗಿಂತ ಕಡಿಮಿ ಅಂತನ ಬರಕೊಳ್ರಿ. ನನ್ನ ತಲಿ ಮೊಂಡು, ನನಗ ಹೊಳೀಲಿಲ್ಲ. ಆದ್ರ ಇವ ಶ್ಯಾಣ್ಯಾ ಅಂತ ಮಾತ್ರ ಬರೀಬ್ಯಾಡ್ರಿ."

ಮೋನೇಶ ಎದ್ದು ನಿಂತ. "ಮೇಡಂ, ಅದನ್ನ ಬರಕೋಬ್ಯಾಡ್ರಿ. ನನ್ನ ಅರ್ಜಿ ಏನರ ಆಗ್ಲಿ. ಅವರು ಹಂಗಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟಳು. ತೀರ್ಪು ಆಮೇಲೆ ಕಳಿಸುತ್ತೇನೆ ಎಂದು ಕಡತ ಮುಚ್ಚಿದಳು. ಹೊರಗೆ ಬಂದ ಮೇಲೆ ಮೋನೇಶ ಊಟಕ್ಕೆ ಹೋಗೋಣ ಬರ್ರಿ ಎಂದು ಕರೆದ. ತೋಂಟಪ್ಪ ಕೇಳಿಸದವನ ಹಾಗೆ ಬಸ್ ನಿಲ್ದಾಣದ ಕಡೆ ನಡೆದ. ದಾರಿಯುದ್ದಕ್ಕೂ ಅವನಿಗೆ ತನ್ನ ಮಾತಿನ ಬಗ್ಗೆ ನಾಚಿಕೆಯಾಗಲಿಲ್ಲ. ಆ ಮಾತು ನಾಟಿತೋ ಇಲ್ಲವೋ ಎಂಬ ಚಿಂತೆಯೊಂದೇ ಇತ್ತು.

ಮೂರು ತಿಂಗಳಿಗೆ ತೀರ್ಪು ಬಂತು. ಕಚೇರಿಯ ಮೊಹರು, ಅಧಿಕಾರಿಯ ಸಹಿ, ಎಲ್ಲ ಇದ್ದ ಆರು ಪುಟ. ಪೇಟೆಂಟು ಮೋನೇಶನಿಗೆ ಕೊಟ್ಟಿದ್ದರು. ಕಾರಣವನ್ನು ಐದನೆಯ ಪುಟದಲ್ಲಿ ಬರೆದಿದ್ದರು. ತಕರಾರುದಾರರು ವಿಚಾರಣೆಯಲ್ಲಿ ತಮ್ಮ ಬಗ್ಗೆ ಆಡಿದ ಮಾತನ್ನು ಕಚೇರಿ ಒಪ್ಪುವುದಿಲ್ಲ. ಅವರ ಎರಡು ಪೇಟೆಂಟುಗಳನ್ನೂ ಇಷ್ಟು ವರ್ಷದ ಕೆಲಸವನ್ನೂ ನೋಡಿದರೆ, ಈ ಕಸುಬಿನಲ್ಲಿ ಶ್ರೀ ತೋಂಟಪ್ಪನವರಿಗೆ ಸಮನಾದವರು ಇನ್ನೊಬ್ಬರಿಲ್ಲ. ಅಂಥವರಿಗೂ ಹೊಳೆಯದ ಉಪಾಯವನ್ನು ಸಾಧಾರಣವೆನ್ನಲಾಗದು.

ತೋಂಟಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತು ಐದನೆಯ ಪುಟವನ್ನು ಓದಿದ. ಅವನು ಬಯಸಿದ್ದ ಸಾಲು ಅದೇ. ಅವನ ಕೈಬರಹವಲ್ಲ, ಶಿಷ್ಯನ ಮುಲಾಜೂ ಅಲ್ಲ. ಅವನನ್ನು ಮೊದಲು ಎಂದೂ ಕಂಡಿರದ, ಅವನಿಂದ ಏನೂ ಆಗಬೇಕಾಗಿಲ್ಲದ ಅಧಿಕಾರಿಯೊಬ್ಬಳು ಬರೆದದ್ದು. ಅಳಿಸಲಾಗದಂತೆ ಸರ್ಕಾರದ ದಾಖಲೆಗೆ ಸೇರಿತ್ತು. ಹೆಂಡತಿಯನ್ನು ಕರೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಓದಿ, ಇದಕ್ಕೂ ಒಂದು ಚೌಕಟ್ಟು ಹಾಕಿಸೋಣ ಎಂದಳು. ಅವನ ಕಣ್ಣು ಅದರ ಕೆಳಗಿನ ಸಾಲಿಗೆ ಇಳಿದಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಮುಗಿಯಿತೆಂದು ಮರುಳಸಿದ್ಧನಿಗೆ ಅನಿಸಿತು. ಅವನ ಮುಖ ಗೆಲುವಾಯಿತು. ಹಾಗಾದರೆ ಬಯಸಿದ್ದು ಸಿಕ್ಕಿತಲ್ಲ, ಅವನ ಕಿಚ್ಚು ಅಂದೇ ಆರಿತು ಅನ್ನಿ ಎಂದ.

ತೋಂಟಪ್ಪ ಎಂಟನೆಯ ದಿನ ಮೇಲಿನ ಕೋರ್ಟಿಗೆ ಹೋದ ಎಂದರು ಗುರುಗಳು.

"ಮೋನೇಶನ ಪೇಟೆಂಟು ರದ್ದು ಮಾಡಿ ಅಂತಲೇ?" ಎಂದು ಮರುಳಸಿದ್ಧ ಕೇಳಿದ.

"ಅಲ್ಲ," ಎಂದರು ಗುರುಗಳು, "ತನಗೆ ಸಮನಿಲ್ಲ ಎಂದು ಬರೆದಿರುವ ಆ ಒಂದು ಸಾಲನ್ನು ಹೊಡೆದುಹಾಕಿ ಅಂತ."